ಒಣಗಿಸುವ ವಿದ್ಯೆ: ಜಪಾನಿ ಊಟದ ಬಟ್ಟಲಿನಿಂದ ಬ್ಯಾಡಗಿಯ ಕಣದವರೆಗೆ

ಕೆಲವು ತಿಂಗಳ ಹಿಂದೆ ಬೆಂಗಳೂರಿಗೆ ಹೋಗಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಜಪಾನಿ ಹೋಟೆಲೊಂದಕ್ಕೆ ಊಟಕ್ಕೆ ಕರೆದೊಯ್ದ. ಅವನು ರಾಣೆಬೆನ್ನೂರಿನಲ್ಲಿ ನನ್ನ ಬಿ.ಎಸ್‌ಸಿ. ತರಗತಿಯಲ್ಲಿದ್ದವನು, ಈಗ ಜಪಾನಿ ಕಂಪನಿಯೊಂದರಲ್ಲಿ ಇಂಜಿನಿಯರ್. ಊರಿನಿಂದ ಅವನ ತಂದೆಯೂ ಬಂದಿದ್ದರು. ಹಾವೇರಿ ಕಡೆಯ ರೈತರು, ನಲವತ್ತು ವರ್ಷಗಳಿಂದ ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತಿರುವವರು. ಮೂವರೂ ಸಸ್ಯಾಹಾರಿಗಳು. ಆದ್ದರಿಂದ ಮೀನು ಹಾಕದ ಸಾರು, ಅನ್ನ, ತರಕಾರಿಯ ತೆಂಪುರ, ಸೋಯಾ ಗಿಣ್ಣು ಮತ್ತು ಹಸಿರು ಚಹಾ ತರಿಸಿದೆವು.

ಹಿರಿಯರು ಮೊದಲು ಕೈ ಹಾಕಿದ್ದು ಮೇಜಿನ ಮೇಲಿದ್ದ ಚಿಕ್ಕ ಡಬ್ಬಿಗೆ. ಅದರಲ್ಲಿದ್ದ ಕೆಂಪು ಪುಡಿಯನ್ನು ಅಂಗೈಗೆ ಸುರಿದುಕೊಂಡು ಮೂಸಿ ನೋಡಿದರು. "ಖಾರದ ಪುಡಿನ ಇದು. ಆದ್ರ ಬಣ್ಣ ನಮ್ಮ ಕಾಯಿದಲ್ಲ" ಎಂದರು. ಅನಂತರ ಸಾರು ಕುಡಿದು, "ಖಾರಿಲ್ಲ, ಹುಳಿಯಿಲ್ಲ, ಆದ್ರೂ ಏನೋ ರುಚಿ ಐತಿ, ಏನ್ರೀ ಸರ್ ಇದು?" ಎಂದು ಕೇಳಿದರು. ಆ ಎರಡು ಮಾತುಗಳಿಂದ ಆರಂಭವಾದ ಚರ್ಚೆ ಊಟ ಮುಗಿದರೂ ಮುಗಿಯಲಿಲ್ಲ. ಅದರ ಸಾರಾಂಶವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಒಂದೇ ಹಡಗಿನ ಸರಕು

ಮೆಣಸಿನಕಾಯಿ ನಮ್ಮದೂ ಅಲ್ಲ, ಜಪಾನಿನದೂ ಅಲ್ಲ. ಅದರ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅಲ್ಲಿಗೆ ತಲಪಿದ ಮೇಲೆ ಅದು ಯುರೋಪಿಗೆ ಬಂತು. ಅಲ್ಲಿಂದ ಪೋರ್ಚುಗೀಸರ ಹಡಗುಗಳಲ್ಲಿ ಪೂರ್ವಕ್ಕೆ ಹೊರಟಿತು. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾಯಿತು. 1543ರಲ್ಲಿ ಅವರು ಜಪಾನಿನ ತಾನೆಗಾಶಿಮಾ ದ್ವೀಪಕ್ಕೆ ಕಾಲಿಟ್ಟರು. 16ನೆಯ ಶತಮಾನ ಮುಗಿಯುವುದರೊಳಗೆ ಮೆಣಸಿನಕಾಯಿ ಎರಡೂ ನಾಡುಗಳಲ್ಲಿ ಬೇರೂರಿತ್ತು.

ಹೊಸ ಕಾಯಿಗೆ ಎರಡೂ ನಾಡಿನವರು ಹಳೆಯ ಹೆಸರನ್ನೇ ತೊಡಿಸಿದರು. ನಮಗೆ ಖಾರವೆಂದರೆ ಮೆಣಸು. ಆದ್ದರಿಂದ ಇದು 'ಮೆಣಸಿನಕಾಯಿ' ಆಯಿತು. ಜಪಾನೀಯರಿಗೆ ಖಾರವೆಂದರೆ ಸಾಸಿವೆ, ಅಂದರೆ 'ಕರಾಶಿ'; ಹೊರನಾಡಿನಿಂದ ಬಂದ ಇದನ್ನು ಅವರು 'ತೋಗರಾಶಿ', ಚೀನಾ ಸಾಸಿವೆ, ಎಂದು ಕರೆದರು. ಹಿರಿಯರು ಮೂಸಿ ನೋಡಿದ ಪುಡಿಯ ಹೆಸರು 'ಶಿಚಿಮಿ ತೋಗರಾಶಿ', ಏಳು ರುಚಿಯ ಖಾರದ ಪುಡಿ. ಇಂದಿನ ಟೋಕಿಯೋ ಆಗಿರುವ ಎದೊ ನಗರದಲ್ಲಿ 1625ರಲ್ಲಿ ಇದರ ಮಾರಾಟ ಶುರುವಾಯಿತು. ಮೆಣಸಿನಕಾಯಿಯ ಜೊತೆಗೆ ಎಳ್ಳು, ಒಣಗಿಸಿದ ಕಿತ್ತಳೆ ಜಾತಿಯ ಸಿಪ್ಪೆ ಮುಂತಾದವು ಇದರಲ್ಲಿರುತ್ತವೆ. ಇದರಲ್ಲಿನ 'ಸನ್ಶೋ' ಎಂಬ ಕಾಯಿ ನಾಲಗೆಯನ್ನು ಜುಮ್ಮೆನ್ನಿಸುತ್ತದೆ. ಉತ್ತರ ಕನ್ನಡದವರು ಅಡುಗೆಗೆ ಬಳಸುವ ಜುಮ್ಮನಕಾಯಿಯೂ ಇದೇ ಕುಲದ್ದು.

ತೆಂಪುರ ಕೂಡ ಪೋರ್ಚುಗೀಸರ ಕಾಲದ ನೆನಪೇ. ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವ ಕ್ರಮವನ್ನು ಜಪಾನೀಯರು ನಾಗಸಾಕಿಯಲ್ಲಿ ಅವರಿಂದ ಕಲಿತರು. ನಮ್ಮ ಹಾವೇರಿ, ರಾಣೆಬೆನ್ನೂರಿನ ಮಿರ್ಚಿ ಭಜಿಗೂ ಅದಕ್ಕೂ ಇರುವ ಮುಖ್ಯ ವ್ಯತ್ಯಾಸ ಹಿಟ್ಟಿನದು. ಕಡಲೆ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ. ಎಷ್ಟು ಕಲಸಿದರೂ ಜಿಗುಟಾಗದು. ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಜಾಲ ಹೆಣೆದುಕೊಳ್ಳುತ್ತದೆ. ಅದನ್ನು ತಡೆಯಲೆಂದೇ ತೆಂಪುರ ಮಾಡುವವರು ಮಂಜಿನಂಥ ತಣ್ಣೀರು ಹಾಕಿ, ಅರೆಬರೆ ಕಲಸಿ, ಕೂಡಲೇ ಕರಿಯುತ್ತಾರೆ.

ಸಾರಿನೊಳಗಿನ ಐದನೆಯ ರುಚಿ

ಹಿರಿಯರ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1908ರಲ್ಲಿ. ಕಿಕುನಾಯೆ ಇಕೆದಾ ಟೋಕಿಯೋ ವಿಶ್ವವಿದ್ಯಾನಿಲಯದ ಭೌತರಸಾಯನ ವಿಜ್ಞಾನಿ. ಜರ್ಮನಿಯ ಲೈಪ್ಜಿಗ್‌ನಲ್ಲಿ ಓಸ್ಟ್‌ವಾಲ್ಡ್ ಅವರ ಬಳಿ ಕೆಲಸ ಮಾಡಿ ಬಂದವರು. ಜಪಾನಿ ಸಾರಿನ ತಳಹದಿ 'ದಾಶಿ' ಎಂಬ ತಿಳಿನೀರು. 'ಕೊಂಬು' ಎಂಬ ಕಡಲಕಳೆಯ ಒಣಗಿದ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಕಾಯಿಸಿ ಇದನ್ನು ಪಡೆಯುತ್ತಾರೆ. ಸಿಹಿ, ಹುಳಿ, ಉಪ್ಪು, ಕಹಿ ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ ರುಚಿಯೊಂದು ಈ ನೀರಿನಲ್ಲಿದೆ ಎಂಬುದನ್ನು ಇಕೆದಾ ಗಮನಿಸಿದರು. ಕೊಂಬುವಿನ ಸಾರದಿಂದ ಒಂದೊಂದಾಗಿ ವಸ್ತುಗಳನ್ನು ಬೇರ್ಪಡಿಸುತ್ತ ಹೋದಾಗ ಕೊನೆಗೆ ಉಳಿದದ್ದು ಗ್ಲುಟಾಮಿಕ್ ಆಮ್ಲ. ಇದು ಹೊಸ ವಸ್ತುವೇನೂ ಅಲ್ಲ. 1866ರಲ್ಲೇ ಜರ್ಮನಿಯ ರಿಟ್‌ಹೌಸೆನ್ ಗೋಧಿಯ ಗ್ಲುಟೆನ್‌ನಿಂದ ಅದನ್ನು ಪಡೆದಿದ್ದರು. ಅದರ ಲವಣಗಳೇ ಈ ರುಚಿಗೆ ಕಾರಣ ಎಂದು ತೋರಿಸಿದವರು ಇಕೆದಾ. ರುಚಿಗೆ ಅವರು 'ಉಮಾಮಿ' ಎಂದು ಹೆಸರಿಟ್ಟರು. ಮರುವರ್ಷವೇ ಅದರ ಸೋಡಿಯಂ ಲವಣ ಅಜಿನೊಮೊಟೊ ಹೆಸರಿನಲ್ಲಿ ಅಂಗಡಿಗೆ ಬಂತು.

ಕತೆ ಅಲ್ಲಿಗೇ ನಿಲ್ಲಲಿಲ್ಲ. 1913ರಲ್ಲಿ ಇಕೆದಾರ ಶಿಷ್ಯ ಶಿಂತಾರೊ ಕೊದಾಮಾ ಒಣಮೀನಿನ ಸಾರಿನಲ್ಲಿ ಇನೊಸಿನೇಟ್ ಎಂಬ ಇನ್ನೊಂದು ಉಮಾಮಿ ವಸ್ತುವನ್ನು ಕಂಡುಕೊಂಡರು. 1957ರಲ್ಲಿ ಅಕಿರಾ ಕುನಿನಾಕಾ ಗ್ವಾನಿಲೇಟ್ ಎಂಬ ಮೂರನೆಯದನ್ನು ಗುರುತಿಸಿದರು. ಇದು ಒಣಗಿದ ಶಿಟಾಕೆ ಅಣಬೆಯಲ್ಲಿ ಹೇರಳ. ಗ್ಲುಟಮೇಟ್ ಜೊತೆ ಇವುಗಳಲ್ಲಿ ಒಂದು ಸೇರಿದರೆ ರುಚಿ ಬರಿಯ ಮೊತ್ತಕ್ಕಿಂತ ಹಲವು ಪಟ್ಟು ಹೆಚ್ಚುತ್ತದೆ. ಜಪಾನಿನ ಬೌದ್ಧ ಮಠಗಳ ಸಸ್ಯಾಹಾರಿ ಅಡುಗೆಯಲ್ಲಿ ಕೊಂಬು ಮತ್ತು ಶಿಟಾಕೆಯನ್ನು ಕೂಡಿಸುವುದು ರೂಢಿ. ನಾವು ಕುಡಿದ ಸಾರೂ ಅಂಥದ್ದೇ. ನಾಲಗೆಯ ಮೇಲೆ ಈ ರುಚಿಗೆಂದೇ ಗ್ರಾಹಕಗಳಿವೆ ಎಂಬುದು 2000ದಿಂದ 2002ರ ನಡುವೆ ಪ್ರಕಟವಾದ ಸಂಶೋಧನೆಗಳಿಂದ ಖಚಿತವಾಯಿತು. ನಮ್ಮ ಟೊಮೆಟೊ ಸಾರಿನಲ್ಲೂ ಗ್ಲುಟಮೇಟ್ ಇದೆ; ಹುಳಿ ಖಾರಗಳ ಗದ್ದಲದಲ್ಲಿ ಅದರ ದನಿ ನಮಗೆ ಬೇರೆಯಾಗಿ ಕೇಳಿಸುವುದಿಲ್ಲ, ಅಷ್ಟೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕೊಂಬು, ಮೀನು, ಅಣಬೆ ಮೂರೂ ಒಣಗಿಸಿದ ಪದಾರ್ಥಗಳು. ಹಸಿ ಶಿಟಾಕೆಯಲ್ಲಿ ಗ್ವಾನಿಲೇಟ್ ತೀರ ಕಡಿಮೆ. ಒಣಗುವಾಗ ಜೀವಕೋಶಗಳು ಒಡೆಯುತ್ತವೆ. ಮತ್ತೆ ನೆನೆಸಿ ಕಾಯಿಸುವಾಗ ಕಿಣ್ವಗಳು ಆರ್‌ಎನ್‌ಎಯನ್ನು ತುಂಡರಿಸಿ ಅದನ್ನು ಉಂಟುಮಾಡುತ್ತವೆ. ಹೀಗೆ ಒಣಗಿಸುವುದು ಎಂದರೆ ಕೆಡದಂತೆ ಇಡುವುದು ಮಾತ್ರವಲ್ಲ, ಹೊಸ ಗುಣವನ್ನು ಹುಟ್ಟಿಸುವುದೂ ಹೌದು. ಮೀನಿನ ವಿಷಯ ಇನ್ನೂ ವಿಚಿತ್ರ. 'ಕತ್ಸುವೊಬುಶಿ' ಎಂಬ ಒಣಮೀನನ್ನು ಬೇಯಿಸಿ, ವಾರಗಟ್ಟಲೆ ಹೊಗೆಯಲ್ಲಿಟ್ಟು, ಆಮೇಲೆ ಅದರ ಮೇಲೆ ಬೇಕೆಂದೇ ಬೂಷ್ಟು ಬೆಳೆಸುತ್ತಾರೆ. ಬೂಷ್ಟು ಒಳಗಿನ ತೇವವನ್ನು ಹೀರುತ್ತದೆ. ಬಿಸಿಲಿಗಿಟ್ಟು ಅದನ್ನು ಉಜ್ಜಿ ತೆಗೆದು ಮತ್ತೆ ಬೆಳೆಸುತ್ತಾರೆ. ತಿಂಗಳುಗಳು ಕಳೆದ ಮೇಲೆ ಆ ತುಂಡು ಮರದಷ್ಟು ಗಟ್ಟಿಯಾಗಿ, ಬಡಗಿಯ ಉಜ್ಜುಗೊರಡಿನಂಥ ಸಾಧನದಿಂದಲೇ ಹೆರೆಯಬೇಕಾಗುತ್ತದೆ.

ಪಳಗಿದ ಬೂಷ್ಟು, ಕಾಡು ಬೂಷ್ಟು

ಬೂಷ್ಟಿನ ಮಾತು ಬಂದಾಗ ಹಿರಿಯರ ಮುಖ ಗಂಟಿಕ್ಕಿತು. ಅವರಿಗೆ ಬೂಷ್ಟೆಂದರೆ ಹಾಳಾದ ಚೀಲ, ಇಳಿದ ಧಾರಣೆ. ಆದರೆ ಜಪಾನಿ ಊಟದ ಅರ್ಧ ಭಾಗ ನಿಂತಿರುವುದೇ ಒಂದು ಬೂಷ್ಟಿನ ಮೇಲೆ. ಅದರ ಹೆಸರು 'ಕೋಜಿ'. ವಿಜ್ಞಾನದ ಹೆಸರು ಆಸ್ಪರ್ಜಿಲಸ್ ಒರೈಸೇ. ಬೆಂದ ಅಕ್ಕಿ ಅಥವಾ ಸೋಯಾ ಅವರೆಯ ಮೇಲೆ ಇದನ್ನು ಬೆಳೆಸಿದರೆ ಪಿಷ್ಟವನ್ನು ಸಕ್ಕರೆಯಾಗಿಯೂ ಪ್ರೋಟೀನನ್ನು ಅಮೈನೊ ಆಮ್ಲಗಳಾಗಿಯೂ ಒಡೆಯುವ ಕಿಣ್ವಗಳು ಹೊರಬರುತ್ತವೆ. ಸೋಯಾ ಅವರೆ ಮತ್ತು ಗೋಧಿಯ ಕೋಜಿಯನ್ನು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕಳಿಸಿದರೆ ಸೋಯಾ ಸಾಸ್. ಅವರೆಯನ್ನು ಅರೆದು ಉಪ್ಪು, ಕೋಜಿ ಬೆರೆಸಿ ಇಟ್ಟರೆ 'ಮಿಸೊ'. ಅಕ್ಕಿಯ ಕೋಜಿಗೆ ನೀರು ಮತ್ತು ಯೀಸ್ಟ್ ಕೂಡಿದರೆ 'ಸಾಕೆ' ಎಂಬ ಅಕ್ಕಿ ಮದ್ಯ. ಇದರಲ್ಲಿ ಪಿಷ್ಟ ಸಕ್ಕರೆಯಾಗುವುದೂ ಸಕ್ಕರೆ ಆಲ್ಕೊಹಾಲ್ ಆಗುವುದೂ ಒಂದೇ ಪಾತ್ರೆಯಲ್ಲಿ ಒಟ್ಟಿಗೇ ನಡೆಯುತ್ತವೆ.

ನಮ್ಮಲ್ಲೂ ಹುದುಗಿಸುವ ವಿದ್ಯೆ ಹಳೆಯದೇ. ಸುಮಾರು 920ರ 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆಯ ಹೆಸರಿದೆ. 1025ರ 'ಲೋಕೋಪಕಾರ'ದಲ್ಲಿ ಅದನ್ನು ಮಾಡುವ ಬಗೆ ಇದೆ. ಆದರೆ ಇಂದಿನ ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವವು ಮುಖ್ಯವಾಗಿ ಬ್ಯಾಕ್ಟೀರಿಯಗಳು. ಜಪಾನೀಯರು ಪಳಗಿಸಿದ್ದು ಶಿಲೀಂಧ್ರವನ್ನು. ಕೋಜಿಯ ಬೀಜಕಗಳನ್ನು ಬೆಳೆಸಿ ಮಾರುವ ಅಂಗಡಿಗಳು ಅಲ್ಲಿ ಮಧ್ಯಯುಗದಲ್ಲೇ ಇದ್ದವು. ಬೀಜಕ ತಯಾರಿಸುವಾಗ ಅವರು ಅನ್ನಕ್ಕೆ ಮರದ ಬೂದಿ ಬೆರೆಸುತ್ತಿದ್ದರು. ಬೂದಿಯ ಕ್ಷಾರ ಇತರ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುತ್ತದೆ, ಕೋಜಿ ತಾಳಿಕೊಳ್ಳುತ್ತದೆ. ಸೂಕ್ಷ್ಮದರ್ಶಕ ಕಾಣದ ಜನ ಹೀಗೆ ಶುದ್ಧ ತಳಿಯೊಂದನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದರು.

ಸಾಕೆ ಕೆಡದಂತೆ ಅದನ್ನು ಹದವಾಗಿ ಬಿಸಿ ಮಾಡುವ ಕ್ರಮವೂ 16ನೆಯ ಶತಮಾನದಷ್ಟು ಹಳೆಯದು. ಟೋಕಿಯೋದಲ್ಲಿ ರಸಾಯನ ವಿಜ್ಞಾನ ಕಲಿಸುತ್ತಿದ್ದ ಬ್ರಿಟಿಷ್ ವಿಜ್ಞಾನಿ ಅಟ್ಕಿನ್ಸನ್ 1881ರಲ್ಲಿ ಸಾಕೆಯ ರಸಾಯನದ ಬಗ್ಗೆ ಗ್ರಂಥ ಬರೆದಾಗ ಇದನ್ನು ಕಂಡು ಬೆರಗಾದರು. ಪಾಶ್ಚರ್ ಇದೇ ತತ್ತ್ವವನ್ನು ದ್ರಾಕ್ಷಾಮದ್ಯಕ್ಕೆ ಅನ್ವಯಿಸಿದ್ದು 1860ರ ದಶಕದಲ್ಲಿ. ಕೋಜಿಯ ಕಿಣ್ವವನ್ನು ಅಮೆರಿಕದಲ್ಲಿದ್ದ ಜೋಕಿಚಿ ತಾಕಾಮಿನೆ ಬೇರ್ಪಡಿಸಿ 1894ರಲ್ಲಿ ಪೇಟೆಂಟ್ ಪಡೆದರು. ಅದು 'ಟಾಕಾ ಡಯಾಸ್ಟೇಸ್' ಎಂಬ ಅಜೀರ್ಣದ ಔಷಧಿಯಾಯಿತು.

ಈ ಪಳಗಿದ ಬೂಷ್ಟಿಗೆ ಒಬ್ಬ ದಾಯಾದಿಯಿದ್ದಾನೆ: ಆಸ್ಪರ್ಜಿಲಸ್ ಫ್ಲೇವಸ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುಬಿದ್ದವು. ಕಾರಣ ಹುಡುಕಿದಾಗ ಅವು ತಿಂದ ಶೇಂಗಾ ಹಿಂಡಿಯಲ್ಲಿ ಈ ಬೂಷ್ಟು ಸುರಿಸಿದ ವಿಷ ಸಿಕ್ಕಿತು. ಬೂಷ್ಟಿನ ಹೆಸರಿನಿಂದಲೇ ಅದಕ್ಕೆ ಅಫ್ಲಟಾಕ್ಸಿನ್ ಎಂಬ ಹೆಸರು ಬಂತು. ಯಕೃತ್ತಿನ ಕ್ಯಾನ್ಸರಿಗೆ ಇದು ಕಾರಣವೆಂಬುದು ಇಂದು ಸಂಶಯಾತೀತ. ಸುದ್ದಿ ತಿಳಿದ ಜಪಾನೀಯರಿಗೆ ದಿಗಿಲಾದದ್ದು ಸಹಜ. ಎರಡು ಬೂಷ್ಟುಗಳೂ ನೋಡಲು ಅಷ್ಟೊಂದು ಹೋಲುತ್ತವೆ. ಅವರು ತಮ್ಮ ಕೋಜಿ ತಳಿಗಳನ್ನೆಲ್ಲ ಪರೀಕ್ಷಿಸಿದರು. ವಿಷ ಸಿಗಲಿಲ್ಲ. 2005ರಲ್ಲಿ ಕೋಜಿಯ ಜೀನೋಮ್ ಪ್ರಕಟವಾದ ಮೇಲೆ ಕಾರಣ ಇನ್ನಷ್ಟು ಸ್ಪಷ್ಟವಾಯಿತು: ವಿಷ ತಯಾರಿಸುವ ಜೀನುಗಳ ಅವಶೇಷ ಅದರಲ್ಲಿದೆ, ಆದರೆ ಅವು ಕೆಲಸ ಮಾಡುವುದಿಲ್ಲ. 2013ರಲ್ಲಿ ಜಪಾನಿನ ಸಾಂಪ್ರದಾಯಿಕ ಅಡುಗೆಯನ್ನೂ 2024ರಲ್ಲಿ ಕೋಜಿಯಿಂದ ಸಾಕೆ ತಯಾರಿಸುವ ಕಲೆಯನ್ನೂ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಡು ದಾಯಾದಿ ಮಾತ್ರ ಎಲ್ಲೆಡೆಯ ಮಣ್ಣಿನಲ್ಲಿದ್ದಾನೆ. ಶೇಂಗಾ, ಮೆಕ್ಕೆಜೋಳ, ಮೆಣಸಿನಕಾಯಿ ಇವನಿಗೆ ಇಷ್ಟ. ನಮ್ಮ ಕಣಕ್ಕೂ ಬರುತ್ತಾನೆ.

ಎಷ್ಟು ನೀರಿದೆ? ಅದರಲ್ಲಿ ಎಷ್ಟು ಬಿಡುವಾಗಿದೆ?

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಡಬ್ಬಿ, ಕಡ್ಡಿ ಎಂಬ ಇದರ ಎರಡು ಬಗೆಗಳೂ ಖಾರದಲ್ಲಿ ಹಿಂದೆ, ಬಣ್ಣದಲ್ಲಿ ಮುಂದೆ. ಕ್ಯಾಪ್ಸಾಂಥಿನ್ ಮತ್ತು ಕ್ಯಾಪ್ಸೊರುಬಿನ್ ಎಂಬ ವರ್ಣಕಗಳು ಈ ಕೆಂಪಿಗೆ ಕಾರಣ. ಕಾಯಿಯಿಂದ ತೆಗೆಯುವ ಓಲಿಯೊರೆಸಿನ್ ಆಹಾರಕ್ಕೂ ತುಟಿಬಣ್ಣಕ್ಕೂ ಬೇಕು. ಬಣ್ಣವನ್ನು ಪ್ರಯೋಗಾಲಯದಲ್ಲಿ ನಿಖರವಾಗಿ ಅಳೆಯುತ್ತಾರೆ: ಪುಡಿಯನ್ನು ಅಸಿಟೋನಿನಲ್ಲಿ ಕರಗಿಸಿ, 460 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಅದು ಎಷ್ಟು ಹೀರುತ್ತದೆಂದು ನೋಡುತ್ತಾರೆ. ಆದರೆ ರೈತ ತನ್ನ ಕಾಯಿಯನ್ನು ಅಳೆಯುವುದು ಕಣ್ಣಿನಿಂದ ಮತ್ತು ಮುಷ್ಟಿಯಿಂದ.

"ಚೆನ್ನಾಗಿ ಒಣಗಿಸಿದರೆ ಬೂಷ್ಟಿನ ಕಾಟವಿಲ್ಲವಲ್ಲ" ಎಂದೆ. ಹಿರಿಯರು ನಕ್ಕರು. "ಒಣಗಿಸಿದಷ್ಟೂ ತೂಕ ಹೋಗತೈತ್ರೀ ಸರ್. ಹೋದ ತೂಕಕ್ಕ ರೊಕ್ಕ ಕೊಡೋರು ಯಾರು?"

ಅವರ ಮಾತಿನಲ್ಲಿ ತಪ್ಪಿಲ್ಲ. ಲೆಕ್ಕ ಹಾಕಿ ನೋಡೋಣ. 100 ಕಿ.ಗ್ರಾಂ ಕಾಯಿಯಲ್ಲಿ ಶೇ. 16ರಷ್ಟು ನೀರಿದ್ದರೆ ಒಣ ಪದಾರ್ಥ 84 ಕಿ.ಗ್ರಾಂ. ಅದನ್ನು ಶೇ. 10ಕ್ಕೆ ಒಣಗಿಸಿದರೆ ಒಟ್ಟು ತೂಕ 84 ಭಾಗಿಸು 0.9, ಅಂದರೆ ಸುಮಾರು 93.3 ಕಿ.ಗ್ರಾಂ. ಹತ್ತಿರ ಹತ್ತಿರ 7 ಕಿ.ಗ್ರಾಂ ಗಾಳಿಗೆ ಹೋಯಿತು. ಒಣಗಿದ್ದಕ್ಕೆ ಹೆಚ್ಚಿನ ಧಾರಣೆ ಸಿಗದಿದ್ದರೆ ಒಳ್ಳೆಯ ಕೆಲಸ ಮಾಡಿದವನಿಗೇ ನಷ್ಟ. ಅತಿಯಾಗಿ ಒಣಗಿದ ಕಾಯಿ ಚೀಲ ತುಂಬುವಾಗ ಮುರಿಯುತ್ತದೆ ಎಂಬುದೂ ನಿಜ. ಇನ್ನೊಂದೆಡೆ, ಯುರೋಪಿನ ಒಕ್ಕೂಟ ಮೆಣಸಿನಕಾಯಿಯಲ್ಲಿ ಒಟ್ಟು ಅಫ್ಲಟಾಕ್ಸಿನ್ ಒಂದು ಕಿಲೋಗ್ರಾಂಗೆ 10 ಮೈಕ್ರೊಗ್ರಾಂ ದಾಟಬಾರದೆನ್ನುತ್ತದೆ. ಜಪಾನ್ 2011ರಿಂದ ಎಲ್ಲ ಆಹಾರಗಳಿಗೂ ಅದೇ ಮಿತಿ ಹಾಕಿದೆ. ಅಂದರೆ ನೂರು ಟನ್ನಿಗೆ ಒಂದು ಗ್ರಾಂ. ಹೊರದೇಶಕ್ಕೆ ಹೋಗುವ ಸರಕಿಗಷ್ಟೇ ಈ ಮಾತು ಅನ್ವಯಿಸುವುದಿಲ್ಲ. ನಮ್ಮ ಮನೆಯ ಖಾರದ ಪುಡಿ ಡಬ್ಬಿಗೂ ಯಕೃತ್ತು ಇರುವ ಜನರೇ ಕೈ ಹಾಕುವುದು.

ಇಲ್ಲಿ ಭೌತವಿಜ್ಞಾನದ ಒಂದು ಪರಿಕಲ್ಪನೆ ನೆರವಿಗೆ ಬರುತ್ತದೆ. ಬೂಷ್ಟು ಬೆಳೆಯುವುದನ್ನು ನಿರ್ಧರಿಸುವುದು ಪದಾರ್ಥದಲ್ಲಿ ಎಷ್ಟು ನೀರಿದೆ ಎಂಬುದಲ್ಲ, ಅದರಲ್ಲಿ ಎಷ್ಟು ಬಿಡುವಾಗಿದೆ ಎಂಬುದು. ಉಪ್ಪು, ಸಕ್ಕರೆ, ನಾರುಗಳು ನೀರಿನ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಿಡಿದಿಟ್ಟ ನೀರು ಬೂಷ್ಟಿಗೆ ದಕ್ಕದು. ಪದಾರ್ಥದ ಮೇಲಿನ ನೀರಾವಿಯ ಒತ್ತಡವನ್ನು ಅದೇ ಉಷ್ಣತೆಯಲ್ಲಿ ಶುದ್ಧ ನೀರಿನ ಆವಿಯ ಒತ್ತಡದಿಂದ ಭಾಗಿಸಿದರೆ ಬರುವ ಸಂಖ್ಯೆಗೆ 'ಜಲ ಚಟುವಟಿಕೆ' ಎನ್ನುತ್ತಾರೆ. ಆಸ್ಟ್ರೇಲಿಯದ ಸ್ಕಾಟ್ 1950ರ ದಶಕದಲ್ಲಿ ಇದನ್ನು ಆಹಾರ ವಿಜ್ಞಾನದ ಅಳತೆಗೋಲಾಗಿ ಮಾಡಿದರು. ಶುದ್ಧ ನೀರಿಗೆ ಇದು 1. ಉಪ್ಪಿನ ಪರ್ಯಾಪ್ತ ದ್ರಾವಣಕ್ಕೆ 0.75. ಫ್ಲೇವಸ್ ಬೂಷ್ಟಿಗೆ ಬೆಳೆಯಲು ಸುಮಾರು 0.80 ಬೇಕು. 0.65ಕ್ಕಿಂತ ಕೆಳಗಿಳಿದರೆ ಬೂಷ್ಟುಗಳ ಕಾಟ ಬಹುತೇಕ ನಿಂತಂತೆಯೇ. ಕೊಂಬು, ಒಣ ಅಣಬೆ, ಕತ್ಸುವೊಬುಶಿ, ಚಹಾ ಎಲೆ ಎಲ್ಲವೂ ಕಪಾಟಿನಲ್ಲಿ ಕೆಡದೆ ಉಳಿಯುವುದು ಈ ಒಂದೇ ನಿಯಮದಿಂದ.

ಗಾಜಿನ ಬರಣಿಯ ಪ್ರಯೋಗ

ಇದನ್ನು ಅಳೆಯಲು ದುಬಾರಿ ಉಪಕರಣಗಳಿವೆ. ಆದರೆ ವ್ಯಾಖ್ಯೆಯನ್ನೇ ಉಪಯೋಗಿಸಿಕೊಂಡರೆ ಅಗ್ಗದ ದಾರಿಯೂ ಇದೆ. ಕೆಲವು ನೂರು ರೂಪಾಯಿಗೆ ಸಿಗುವ ಅಂಕಿ ತೋರಿಸುವ ತೇವಮಾಪಕ ಸಾಕು. ಗಾಳಿಯಾಡದ ಮುಚ್ಚಳವಿರುವ ಗಾಜಿನ ಬರಣಿಯ ಮುಕ್ಕಾಲು ಭಾಗಕ್ಕೆ ಕಾಯಿ ತುಂಬಿ, ಮೇಲೆ ಮಾಪಕವಿಟ್ಟು, ಭದ್ರವಾಗಿ ಮುಚ್ಚಿ, ಬಿಸಿಲು ಬೀಳದ ಕಡೆ ಒಂದು ದಿನ ಇಡಿ. ಒಳಗಿನ ಗಾಳಿಯ ತೇವ ಕಾಯಿಯ ತೇವದೊಂದಿಗೆ ಸಮತೋಲಕ್ಕೆ ಬರುತ್ತದೆ. ಮಾಪಕ ತೋರಿಸುವ ಸಾಪೇಕ್ಷ ಆರ್ದ್ರತೆಯನ್ನು ನೂರರಿಂದ ಭಾಗಿಸಿದರೆ ಅದೇ ಜಲ ಚಟುವಟಿಕೆ. 65ಕ್ಕಿಂತ ಕಡಿಮೆಯಿದ್ದರೆ ಚೀಲ ತುಂಬಬಹುದು. 75 ದಾಟಿದರೆ ಇನ್ನೂ ಒಣಗಬೇಕು.

ಮಾಪಕವೇ ಸುಳ್ಳು ಹೇಳಿದರೆ? ಅದಕ್ಕೂ ಅಡುಗೆಮನೆಯಲ್ಲೇ ಉತ್ತರವಿದೆ. ಚಿಕ್ಕ ಬಟ್ಟಲಿನಲ್ಲಿ ಉಪ್ಪು ಹಾಕಿ, ಪೂರ್ತಿ ಕರಗದಂತೆ ಕೆಲವು ಹನಿ ನೀರು ಚಿಮುಕಿಸಿ, ಮಾಪಕದೊಡನೆ ಬರಣಿಯಲ್ಲಿ ಮುಚ್ಚಿಡಿ. ಒಂದು ದಿನದ ಅನಂತರ ಅದು 75 ತೋರಿಸಬೇಕು. 79 ತೋರಿಸಿದರೆ ನಿಮ್ಮ ಮಾಪಕ 4 ಹೆಚ್ಚು ಹೇಳುತ್ತದೆಂದು ತಿಳಿದು ಕಳೆದುಕೊಳ್ಳಿ.

ಒಂದು ಎಚ್ಚರಿಕೆ ಅಗತ್ಯ. ಈ ಅಳತೆ ಮುಂದೆ ಬೂಷ್ಟು ಬೆಳೆಯುವುದೇ ಎಂಬುದನ್ನಷ್ಟೇ ಹೇಳುತ್ತದೆ. ಆಗಲೇ ಸೇರಿರುವ ವಿಷವನ್ನು ಹೇಳುವುದಿಲ್ಲ. ಅಫ್ಲಟಾಕ್ಸಿನ್ ಒಣಗಿಸಿದರೂ ಹೋಗದು, ಕುದಿಸಿದರೂ ಹೋಗದು. ಆದ್ದರಿಂದ ಕೊಯ್ಲಾದ ಮೊದಲ ದಿನಗಳೇ ಮುಖ್ಯ. ಬರಿಯ ಮಣ್ಣಿನ ಮೇಲೆ ಹರಡಬಾರದು. ಗಚ್ಚು ಅಥವಾ ತಾಡಪಾಲು ಬೇಕು. ತೆಳ್ಳಗೆ ಹರಡಿ ಕೈಯಾಡಿಸುತ್ತಿರಬೇಕು. ರಾತ್ರಿಯ ಇಬ್ಬನಿಯಿಂದ ಮುಚ್ಚಬೇಕು, ಬೆಳಿಗ್ಗೆ ತಡಮಾಡದೆ ತೆರೆಯಬೇಕು. ಮುರಿಯದಿರಲೆಂದು ನೀರು ಚಿಮುಕಿಸುವ ಅಭ್ಯಾಸವನ್ನಂತೂ ಬಿಡಲೇಬೇಕು.

ಕೊನೆಯ ಬಟ್ಟಲು

ಊಟದ ಕೊನೆಗೆ ಹಸಿರು ಚಹಾ ಬಂತು. ಕಿತ್ತ ಎಲೆಯನ್ನು ಕೂಡಲೇ ಹಬೆಯಲ್ಲಿ ಬೇಯಿಸಿದರೆ ಕಿಣ್ವಗಳು ನಿಷ್ಕ್ರಿಯವಾಗಿ ಎಲೆ ಹಸಿರಾಗಿಯೇ ಒಣಗುತ್ತದೆ. ನಮ್ಮ ಚಹಾದಲ್ಲಿ ಕಿಣ್ವಗಳನ್ನು ಕೆಲಸ ಮಾಡಲು ಬಿಟ್ಟು ಕಪ್ಪಾಗಿಸುತ್ತೇವೆ. ಬಟ್ಟಲಿನಿಂದ ಏಳುವ ಆವಿಯನ್ನು ನೋಡುವಾಗ ನನಗೆ ಜಪಾನಿನ ಭೌತವಿಜ್ಞಾನಿ ತೊರಾಹಿಕೊ ತೆರಾದಾ ನೆನಪಾದರು. 1922ರಲ್ಲಿ ಅವರು ಮಕ್ಕಳಿಗಾಗಿ ಒಂದು ಪ್ರಬಂಧ ಬರೆದರು. ವಿಷಯ, ಒಂದು ಬಟ್ಟಲು ಬಿಸಿನೀರು. ಅದರ ಆವಿಯಿಂದ ಆರಂಭಿಸಿ ಮೋಡ, ಗಾಳಿ, ಮಾರುತಗಳವರೆಗೆ ಅವರು ಓದುಗರನ್ನು ಕರೆದೊಯ್ಯುತ್ತಾರೆ.

2024ರ ಮಾರ್ಚ್ 11ರಂದು ಧಾರಣೆ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಭುಗಿಲೆದ್ದು ವಾಹನಗಳಿಗೆ ಬೆಂಕಿ ಬಿದ್ದುದನ್ನು ಓದುಗರು ಮರೆತಿರಲಾರರು. ಧಾರಣೆ ಹಲವು ಕಾರಣಗಳಿಂದ ಏರಿಳಿಯುತ್ತದೆ. ಗಾಜಿನ ಬರಣಿಯಿಂದ ಅದನ್ನು ಹಿಡಿದು ನಿಲ್ಲಿಸಲಾಗದು. ಆದರೆ ಕೊಳ್ಳುವವನ ಬಳಿ ಅಳತೆಯಿದ್ದು ಮಾರುವವನ ಬಳಿ ಇಲ್ಲದಿದ್ದರೆ ವ್ಯಾಪಾರ ಸಮಾನರ ನಡುವೆ ನಡೆಯುವುದಿಲ್ಲ. ಒಣಗಿದ ಕಾಯಿಗೆ ಅಳತೆಯ ಆಧಾರದ ಮೇಲೆ ಹೆಚ್ಚಿನ ದರ ಕೊಡುವ ಪದ್ಧತಿ ಬಂದರೆ ಮಾತ್ರ, ಹೋದ ತೂಕಕ್ಕೆ ರೊಕ್ಕ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಊರಿಗೆ ಮರಳಿದ ಎರಡು ವಾರಗಳ ಅನಂತರ ಹಿರಿಯರ ಫೋನು ಬಂತು. ಮಗ ತಂದುಕೊಟ್ಟ ಮಾಪಕವನ್ನು ಉಪ್ಪಿನಿಂದ ಸರಿನೋಡಿ, ಎರಡು ಬರಣಿ ಇಟ್ಟಿದ್ದರಂತೆ. ರಾಶಿಯ ಮೇಲಿನ ಕಾಯಿಗೆ 58, ನಡುವಿನ ಕಾಯಿಗೆ 77. "ಮ್ಯಾಲಿಂದ ಮುಟ್ಟಿ ನೋಡಿದ್ರ ಎರಡೂ ಒಂದ ಅನಸ್ತಾವ್ರೀ ಸರ್. ನಲವತ್ತ ವರ್ಷ ಮ್ಯಾಲಿಂದಷ್ಟ ಮುಟ್ಟೇನಿ" ಎಂದರು. ಆ ದಿನ ಮಧ್ಯಾಹ್ನ ರಾಶಿಯನ್ನು ಒಡೆದು ಮತ್ತೆ ಬಿಸಿಲಿಗೆ ಹರಡಿದ್ದಾಗಿ ತಿಳಿಸಿದರು.